ರಿ ಇಲ್ಲದ ಹತ್ತು

ನಮ್ಮ ಅಡುಗೆಮನೆಯಲ್ಲಿ ಒಲೆ ಒಂದೇ ಇತ್ತು, ಮಾತು ಎರಡಿದ್ದವು. ಒಲೆಯ ಎಡಕ್ಕೆ ಆಯಿ, ಅಂದರೆ ಅಪ್ಪನ ತಾಯಿ, ರೊಟ್ಟಿ ಬಡಿಯುತ್ತ ಕೂಡುತ್ತಿದ್ದಳು. ಬಲಕ್ಕೆ ಅಮ್ಮೀ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಆಯಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ನಮ್ಮದು ತಲೆತಲಾಂತರದಿಂದ ಹತ್ತಿ ಹಿಂಜುವ, ಗಾದಿ ಹೊಲಿಯುವ ಮನೆತನ. ನಮಾಜು ಅರಬ್ಬಿಯಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ. ಅಮ್ಮೀ ಮಿರಜದ ಗಲ್ಲಿಯಿಂದ ಮದುವೆಯಾಗಿ ಬಂದವಳು, ಅವಳಿಗೆ ಉರ್ದು ಬಿಟ್ಟರೆ ಒಂದಿಷ್ಟು ಮರಾಠಿ. ಇಬ್ಬರ ನಡುವೆ ಹಿಟ್ಟಿನ ಡಬ್ಬಿಗೆ ಬೆನ್ನು ಕೊಟ್ಟು ನಾನು ಕೂಡುತ್ತಿದ್ದೆ. ನನಗೆ ಎರಡೂ ಬರುತ್ತಿದ್ದವು. ಯಾವುದು ಮೊದಲು ಬಂತೋ ಗೊತ್ತಿಲ್ಲ.

"ಇತ್ತಾ ನಮಕ್ ಕೌನ್ ಖಾತಾ?" ಎಂದು ಅಮ್ಮೀ ಪಲ್ಯ ಬಾಯಿಗಿಟ್ಟು ಗೊಣಗುತ್ತಿದ್ದಳು. ಇಷ್ಟು ಉಪ್ಪು ಯಾರು ತಿನ್ನುತ್ತಾರೆ ಎಂದು.

"ಏನಂತಾಳ ಶಮ್ಮಿ ನಿಮ್ಮವ್ವ?"

"ಪಲ್ಲೆ ಭಾಳ ಚಲೋ ಆಗೈತಿ ಅಂತಾಳ, ಆಯಿ."

"ಹಂಗಾರ ಇನ್ನೊಂದೀಟು ಹಾಕ್ಕೊ ಅನ್ನು."

ಅಮ್ಮೀಯ ತಾಟಿಗೆ ಇನ್ನೊಂದು ಸೌಟು ಉಪ್ಪುಪ್ಪು ಪಲ್ಯ ಬೀಳುತ್ತಿತ್ತು. ಅವಳು ನನ್ನನ್ನು ನೋಡುತ್ತಿದ್ದಳು, ನಾನು ನನ್ನ ತಾಟು ನೋಡುತ್ತಿದ್ದೆ. ಇದು ಸುಳ್ಳು ಎಂದು ನನಗೆ ಆಗ ಅನ್ನಿಸುತ್ತಿರಲಿಲ್ಲ. ಇಬ್ಬರೂ ಸುಮ್ಮನೆ ಉಣ್ಣಲಿ ಎಂದು ಮಾತನ್ನು ಸ್ವಲ್ಪ ಒರೆಸಿ ಕೊಡುತ್ತಿದ್ದೆ, ಅಷ್ಟೇ. ಇಬ್ಬರೂ ನನ್ನನ್ನು ನಂಬುತ್ತಿದ್ದರು. ನಂಬದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಮಲಪ್ರಭೆ ಕೊಣ್ಣೂರಿನ ನಮ್ಮ ಕೆಳಗಿನ ಓಣಿಗೆ ಬಂದ ಒಂದು ಮಧ್ಯಾಹ್ನ, ಒಂದೇ ಒಂದು ಮಾತನ್ನು ನಮ್ಮಲ್ಲಿ ಯಾರೋ ತಪ್ಪಾಗಿ ಕೇಳಿಸಿಕೊಂಡರು. ಅದಕ್ಕೆ ನಾವು ಸಾಯಬೇಕಿತ್ತು. ಸಾಯಲಿಲ್ಲ, ಆದರೆ ಅಮ್ಮೀಯ ಎಡಗಾಲು ಮತ್ತೆ ಸರಿಯಾಗಲಿಲ್ಲ. ತಪ್ಪಾಗಿ ಕೇಳಿಸಿಕೊಂಡವಳು ಅಮ್ಮೀ ಎಂದು ಮನೆಯವರೆಲ್ಲ ಹೇಳಿದರು, ನಾನೂ ಹೇಳಿದೆ, ಓದಿ ದೊಡ್ಡವಳಾದ ಮೇಲೆ ಬರೆದೂ ಬರೆದೆ. ಈಗ ಆ ಮಧ್ಯಾಹ್ನ ದಿನಕ್ಕೆ ನಾಲ್ಕು ಸಲ ನನ್ನ ಮುಂದೆ ಬಂದು ನಿಲ್ಲುತ್ತದೆ, ಪ್ರತಿಸಲ ಬೇರೆ ಬೇರೆಯಾಗಿ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ಪಡಸಾಲೆ, ಅದರ ತುಂಬ ಹತ್ತಿ. ನರಗುಂದಕ್ಕೆ ಹಿಂಜುವ ಮಷೀನು ಬಂದು ಎಷ್ಟೋ ದಿನವಾಗಿದ್ದರೂ ಅಪ್ಪ ತೊಲೆಗೆ ತೂಗುಬಿಟ್ಟ ಕಮಾನಿನಲ್ಲೇ ಹಿಂಜುತ್ತಿದ್ದ. ಮಷೀನು ಹತ್ತಿಯ ಜೀವ ತೆಗೆಯುತ್ತದೆ ಎನ್ನುವುದು ಅವನ ವಾದ. ಆಳೆತ್ತರದ ಬಿಲ್ಲಿನಂಥ ಆ ಕಮಾನಿನ ತಂತಿಗೆ ಕಟ್ಟಿಗೆಯ ಹಿಡಿಯಿಂದ ಹೊಡೆದರೆ ಡಂಯ್ ಎಂದು ಮನೆಯೆಲ್ಲ ನಡುಗುತ್ತಿತ್ತು. ಹಿಂಜಿದ ಹತ್ತಿ ಗಾಳಿಯಲ್ಲಿ ಎದ್ದು ನಮ್ಮ ಹುಬ್ಬಿಗೆ, ಹಿಟ್ಟಿಗೆ, ಆಯಿಯ ನಮಾಜಿನ ಚಾಪೆಗೆ ಕೂಡುತ್ತಿತ್ತು. ಅಪ್ಪನದು ಮಾತು ಕಡಿಮೆ. ಮದುವೆಯ ದಿನಗಳಲ್ಲಿ ಯಾವಗಲ್, ಅಸೂಟಿ ಎಂದು ಊರೂರಿಗೆ ಹೋಗಿ ಅವರ ಮನೆಯಲ್ಲೇ ಕೂತು ಗಾದಿ ಹೊಲಿದು ಬರುತ್ತಿದ್ದ. ಅವನಿಗೆ ಎರಡೂ ಭಾಷೆ ತಕ್ಕಮಟ್ಟಿಗೆ ಗೊತ್ತಿದ್ದರೂ ಅತ್ತೆ ಸೊಸೆಯರ ನಡುವಿನ ಮಾತನ್ನು ನನಗೇ ಬಿಟ್ಟಿದ್ದ.

ಅಮ್ಮೀಗೆ ಕನ್ನಡ ಕಲಿಸುವುದನ್ನು ಆಯಿ ಒಂದು ನಿಯಮದಿಂದ ಶುರು ಮಾಡಿದ್ದಳಂತೆ.

"ಏನರ ಅನ್ನು, ಕೊನಿಗೆ ರಿ ಹಚ್ಚು. ತಪ್ಪ ಮಾತಾಡಿದ್ರೂ ಮಂದಿ ಸಿಟ್ಟಾಗಂಗಿಲ್ಲ."

ಅಮ್ಮೀ ಅದನ್ನು ಕುರಾನಿನ ಮಾತಿನಂತೆ ಪಾಲಿಸಿದಳು. ಬರ್ರಿ, ಕೂಡ್ರಿ, ಇಲ್ರಿ, ನೀರ್ರಿ. ಹಿತ್ತಲಲ್ಲಿ ಕಟ್ಟಿದ ಆಡು ಒಣಹಾಕಿದ ಜೋಳಕ್ಕೆ ಬಾಯಿ ಹಾಕಿದರೆ "ಹೋಗ್ರೀ! ಹೋಗ್ರೀ!" ಎಂದು ಕೋಲು ಹಿಡಿದು ಓಡುತ್ತಿದ್ದಳು. ಪಕ್ಕದ ಮನೆಯ ಗಂಗವ್ವ ಗೋಡೆಯ ಮೇಲಿಂದ ಇಣುಕಿ, "ನೂರವ್ವಾ, ನಿಮ್ಮ ಆಡಿಗೆ ಚಾ ಕುಡೀರಿ ಅಂತ ಕೇಳಿಲ್ಲೇನ?" ಎಂದು ಬಿದ್ದು ಬಿದ್ದು ನಗುತ್ತಿದ್ದಳು. ಅಮ್ಮೀಯ ಹೆಸರು ನೂರಜಹಾನ್. ಓಣಿ ಅದನ್ನು ನೂರವ್ವ ಮಾಡಿಕೊಂಡಿತ್ತು. ಆಡಿನ ಮೇಲೆ ನಿಜವಾಗಿ ಸಿಟ್ಟು ಬಂದಾಗ ಮಾತ್ರ ಅವಳು ತನ್ನ ಮಾತಿಗೆ ಮರಳುತ್ತಿದ್ದಳು. "ಹಟ್! ಹಟ್!" ಅಂದರೆ ಸರಿ, ಆಚೆ ಹೋಗು. ಆಡು, ನಾಯಿ, ಕೋಳಿ ಎಲ್ಲಕ್ಕೂ ಆ ಮಾತು ತಿಳಿಯುತ್ತಿತ್ತು.

ಅವಳನ್ನು ನಿಜಕ್ಕೂ ಅಳಿಸಿದ್ದು ಹತ್ತು ಅನ್ನುವ ಮಾತು. ಹತ್ತಿಯ ಮನೆಗೆ ಬಂದವಳು, ಮೊದಲು ಕಲಿತದ್ದೇ ಹತ್ತಿ. ಆಮೇಲೆ ನಾನು ಸಾಲಿಯಿಂದ ಬಂದು ಒಂದು ಎರಡು ಹೇಳಿಕೊಟ್ಟೆ, ಹತ್ತು ಅಂದರೆ ದಸ್. ಆಮೇಲೆ ಆಯಿ, ನಿಚ್ಚಣಿಕೆ ಹತ್ತು ಎಂದಳು. ಒಲೆ ಉರಿಯದಿದ್ದರೆ ಒಲಿ ಹತ್ತವಲ್ದು. ಸೀರೆಗೆ ಅರಳೆ ಅಂಟಿದರೆ ಸೀರಿಗೆ ಹತ್ತಿ ಹತ್ತೈತಿ. ಯಾರಾದರೂ ಬರುತ್ತಿದ್ದರೆ ಬರಾಕ ಹತ್ಯಾರ. ಒಂದು ದಿನ ಆಯಿ ಪಡಸಾಲೆಯಿಂದ ಕೂಗಿದಳು.

"ಅನ್ನ ತಳಾ ಹತ್ತಾಕ ಹತ್ತೈತಿ! ನೋಡ ಬೇ!"

ಅಮ್ಮೀ ಓಡಿ ಹೋಗಿ ನಿಚ್ಚಣಿಕೆ ತಂದಳು. ಅನ್ನ ಸೀಯಿತು. ಆಯಿ ಸುಟ್ಟ ಬೋಗುಣಿ ಅಂಗಳದಲ್ಲಿಟ್ಟು ಇಡೀ ಓಣಿಗೆ ಕೇಳುವಂತೆ ಬೈದಳು. ಅಮ್ಮೀ ಬಚ್ಚಲಲ್ಲಿ ಕೂತು ಬೋಗುಣಿ ತಿಕ್ಕುತ್ತ ನನ್ನನ್ನು ಕೇಳಿದಳು: "ಏಕ್ ಹತ್ತು ಮೇ ಕಿತ್ತೇ ಹತ್ತು ರೇ, ಶಮ್ಮಿ?" ಒಂದು ಹತ್ತಿನಲ್ಲಿ ಎಷ್ಟು ಹತ್ತು ಇವೆ? ನಾನು ಬೆರಳು ಮಡಚಿ ಎಣಿಸಿದೆ, ಐದರ ಮೇಲೆ ಲೆಕ್ಕ ತಪ್ಪಿತು. ಇಬ್ಬರೂ ನಕ್ಕೆವು. ಬೂದಿ ಹತ್ತಿದ ಕೈಯಿಂದ ಅವಳು ನನ್ನ ಗಲ್ಲ ಹಿಂಡಿದ್ದು ನೆನಪಿದೆ.

ಇನ್ನೊಂದು ಜಗಳ. ಆಯಿ ಸಂಜೆಯ ನಮಾಜು ಮುಗಿಸಿ ಅಂಗೈ ಚಾಚಿ ದುವಾ ಬೇಡುವಾಗ ಅರಬ್ಬಿ ಬಿಟ್ಟು ಕನ್ನಡಕ್ಕೆ ಇಳಿಯುತ್ತಿದ್ದಳು. "ಯಾ ಅಲ್ಲಾ, ನನ್ನ ಮಗಾ ಯಾವಗಲ್ಲಿಗೆ ಹೋಗ್ಯಾನ, ಲಗೂ ಕಳಸು. ಮಳಿ ಹದಕ್ಕ ಬರ್ಲಿ, ಹತ್ತಿ ತೋಯಿಸಬ್ಯಾಡ, ತಿಳೀತಿಲ್ಲೋ?" ಅಮ್ಮೀಗೆ ಇದು ಸಹಿಸದಾಯಿತು. ಯಾರಾದರೂ ದುವಾ ಕನ್ನಡದಲ್ಲಿ ಬೇಡುತ್ತಾರೆಯೇ ಎಂದು ನನ್ನ ಮೂಲಕ ಕೇಳಿಸಿದಳು. ಈ ಸಲ ನಾನು ಏನೂ ಒರೆಸದೆ ಹೇಳಿದೆ, ಯಾಕೆಂದರೆ ನನಗೂ ತಿಳಿಯಬೇಕಿತ್ತು.

"ಯಾಕ, ಅಲ್ಲಾಗ ಕನ್ನಡ ತಿಳಿಯಂಗಿಲ್ಲೇನು? ಈ ಭಾಷಾ ಹುಟ್ಟಿಸಿದಾಂವ ಯಾರಂತ ಕೇಳು ನಿಮ್ಮವ್ವನ್ನ."

ಅಮ್ಮೀ ಸ್ವಲ್ಪ ಯೋಚಿಸಿ, "ಔರ್ ರಿ ಕಹಾಂ?" ಎಂದಳು. ರಿ ಎಲ್ಲಿ ಹೋಯಿತು? ಆಡಿಗೂ ರಿ ಹಚ್ಚುವ ಅವಳಿಗೆ, ಅಲ್ಲಾಹನಿಗೆ ಕಳಸು ಎಂದದ್ದು ನುಂಗಲಾಗದ ಮಾತಾಗಿತ್ತು.

ಆಯಿ ಚಾಪೆ ಮಡಚುತ್ತ ಹೇಳಿದಳು: "ಅಂವಗ ಯಾತರ ರಿ? ರಿ ಅನ್ನೂದು ಬ್ಯಾರೇದಾರಿಗೆ. ಜೀಂವಕ್ಕ ಬಂದಾಗ ಯಾರರ ರಿ ಅಂತಾರೇನ?"

ಇದನ್ನು ನಾನು ಉರ್ದುವಿಗೆ ತಂದೆನೋ ಇಲ್ಲವೋ ನೆನಪಿಲ್ಲ. ತಂದಿದ್ದರೂ ಹೇಗೆ ತಂದೆನೋ.

ಮುಂದೆ ಧಾರವಾಡದ ಕಾಲೇಜಿನಲ್ಲಿ, ಮನುಷ್ಯರು ಎರಡನೆಯ ಭಾಷೆಯನ್ನು ಹೇಗೆ ಕಲಿಯುತ್ತಾರೆ ಎನ್ನುವುದು ನಮಗೊಂದು ಪೂರ್ತಿ ಪತ್ರಿಕೆಯಾಗಿತ್ತು. ಪ್ರತಿಯೊಂದು ಸಿದ್ಧಾಂತ ಓದುವಾಗಲೂ ನನಗೆ ಆ ಅಡುಗೆಮನೆ ಕಾಣುತ್ತಿತ್ತು. ಕೇಳಿದ್ದನ್ನು ಮತ್ತೆ ಮತ್ತೆ ಅನ್ನುತ್ತ ರೂಢಿಯಾಗಿಯೇ ಭಾಷೆ ಬರುತ್ತದೆ ಎಂದು ಒಂದು ಪುಸ್ತಕ ಹೇಳಿತು. ಹಾಗಾದರೆ ಆಡಿಗೆ ರಿ ಹಚ್ಚುವುದನ್ನು ಅಮ್ಮೀ ಯಾರಿಂದ ಕೇಳಿದ್ದಳು? ಯಾರೂ ಅಂದಿರಲಿಲ್ಲ, ಅವಳೇ ನಿಯಮವನ್ನು ಹಿಗ್ಗಿಸಿ ಮಾಡಿಕೊಂಡದ್ದು. ಅದಕ್ಕೂ ಒಂದು ಸಿದ್ಧಾಂತ ಮುಂದಿನ ಅಧ್ಯಾಯದಲ್ಲಿ ಸಿಕ್ಕಿತು: ಕಲಿಯುವವರ ತಪ್ಪು ತಪ್ಪಲ್ಲ, ಅದು ಅವರು ದಾರಿಯ ನಡುವೆ ಕಟ್ಟಿಕೊಂಡ ಅವರದೇ ಒಂದು ಭಾಷೆ ಎಂದು. ಓದಿ ಕಣ್ಣಲ್ಲಿ ನೀರು ಬಂತು. ಮತ್ತೊಂದು, ಕಲಿಯುವವರು ಬಾಯಿ ತೆರೆಯುವ ಮುಂಚೆ ಬಹಳ ಕಾಲ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ, ಆ ಮೌನದಲ್ಲಿಯೇ ಕಲಿಕೆ ನಡೆದಿರುತ್ತದೆ ಎಂದಿತು. ಇನ್ನೊಂದು, ಅಂಜಿಕೆ ಗೋಡೆಯಾಗಿ ನಿಲ್ಲುತ್ತದೆ, ಅಂಜಿದ ಮನಸ್ಸಿಗೆ ಹೊಸ ಭಾಷೆ ಇಳಿಯುವುದಿಲ್ಲ, ಆಗ ಕಿವಿ ತಾಯಿನುಡಿಯನ್ನೇ ಹುಡುಕುತ್ತದೆ ಎಂದಿತು. ಇದರ ಕೆಳಗೆ ಗೆರೆ ಎಳೆದೆ. ನಮ್ಮ ಮನೆಯ ಮಧ್ಯಾಹ್ನಕ್ಕೆ ಇದಕ್ಕಿಂತ ಸರಿಯಾದ ವಿವರಣೆ ಇರಲಿಕ್ಕಿಲ್ಲ ಎಂದುಕೊಂಡೆ. ಗೆರೆ ಎಳೆದ ಆ ಪುಸ್ತಕ ಈಗಲೂ ನನ್ನ ಹತ್ತಿರವಿದೆ.

ಆ ಮಧ್ಯಾಹ್ನ ಹೀಗಿತ್ತು. ನನಗೆ ಎಂಟು ವರ್ಷ. ಅಪ್ಪ ಮೂರು ದಿನದಿಂದ ಯಾವಗಲ್ಲಿನಲ್ಲಿದ್ದ. ಮೇಲಿನಿಂದ ನೀರು ಬಿಟ್ಟಿದ್ದಾರೆ, ಹೊಳೆ ಸೇತುವೆ ಮುಟ್ಟಿದೆ ಎಂದು ಮುಂಜಾನೆಯಿಂದಲೇ ಸುದ್ದಿ. ಓಣಿಯ ಜನ "ಹೊಳಿ ಬರಾಕ ಹತ್ತೈತಿ" ಎನ್ನುತ್ತ ಗಂಟುಮೂಟೆ ಹೊತ್ತು ದಿಬ್ಬದ ಮೇಲಿನ ಸಾಲಿಗೆ ನಡೆದರು. ಮೇಲಿನ ಓಣಿಯ ಈರಪ್ಪಕಾಕಾ ತನ್ನ ಟ್ರ್ಯಾಕ್ಟರ್ ತಂದು ಮುದುಕರನ್ನು, ಬಾಣಂತಿಯರನ್ನು ಒಯ್ಯತೊಡಗಿದ. ಆಯಿಯನ್ನು ಮೊದಲ ಸಲಕ್ಕೇ ಎತ್ತಿ ಕೂಡಿಸಿದರು. ಟ್ರ್ಯಾಲಿಯಲ್ಲಿ ಕೂತು ಅವಳು ಕೂಗಿದ್ದು ಇಷ್ಟು:

"ಕಮಾನು ಅಟ್ಟದ ಮ್ಯಾಲ ಇಡ ಅನ್ನು! ಹತ್ತಿ ಮ್ಯಾಲ ಇಡ ಅನ್ನು! ಲಗೂ ಬಾ ಅನ್ನು!"

ಅದನ್ನು ನಾನು ಅಮ್ಮೀಗೆ ಸರಿಯಾಗಿಯೇ ಹೇಳಿದೆ. ನಾವಿಬ್ಬರೂ ಕಮಾನು ಬಿಚ್ಚಿ ಅಟ್ಟಕ್ಕೇರಿಸಿದೆವು. ಹತ್ತಿಯ ಮೂಟೆಗಳು ಹಗುರ, ಆದರೆ ದೊಡ್ಡವು, ಅಟ್ಟದ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಎರಡನ್ನು ಏರಿಸುವಷ್ಟರಲ್ಲಿ ಪಡಸಾಲೆಗೆ ನೀರು ಬಂತು. ಸದ್ದೇ ಇಲ್ಲದೆ, ಹೊಸ್ತಿಲ ಕೆಳಗಿನಿಂದ, ಯಾರೋ ಚಾ ಚೆಲ್ಲಿದಂತೆ. ಹಿತ್ತಲಿಗೆ ಹೋಗಿ ಅಮ್ಮೀ ಆಡಿನ ಹಗ್ಗ ಬಿಚ್ಚಿ ಬಿಟ್ಟಳು. ಹೊರಗೆ ಬಂದಾಗ ಕಟ್ಟೆಯ ಮೇಲೆ ನಿಂತರೂ ನನ್ನ ಮೊಣಕಾಲು ಮುಚ್ಚುವಷ್ಟು ರಾಡಿ ನೀರಿತ್ತು, ಓಣಿಯಲ್ಲಿ ಅಮ್ಮೀಯ ಸೊಂಟದಷ್ಟು. ಓಣಿಯ ಬಾಯಿಯಲ್ಲಿ, ಇಪ್ಪತ್ತು ಇಪ್ಪತ್ತೈದು ಹೆಜ್ಜೆ ದೂರದಲ್ಲಿ, ಈರಪ್ಪಕಾಕಾನ ಟ್ರ್ಯಾಕ್ಟರ್ ಮರಳಿ ಬಂದು ನಿಂತಿತ್ತು. ಒಳಗೆ ತರಲು ಅವನಿಗೆ ಧೈರ್ಯವಾಗಿರಲಿಲ್ಲ. ಇಂಜಿನ್ ಕಿರುಚುತ್ತಿತ್ತು, ನೀರು ಗದ್ದಲ ಮಾಡುತ್ತಿತ್ತು. ಅವನು ಸೀಟಿನ ಮೇಲೆ ಎದ್ದು ನಿಂತು ಕೈ ಬೀಸುತ್ತ ಕೂಗಿದ. ನಮ್ಮ ಕಡೆ ಕರೆಯುವಾಗ ಅಂಗೈ ಕೆಳಗೆ ಮಾಡಿ ಬೆರಳು ಬಡಿಯುತ್ತಾರೆ. ದೂರದಿಂದ ನೋಡಿದರೆ ಅದು ಕರೆದಂತೆಯೂ ಕಾಣುತ್ತದೆ, ಅಟ್ಟಿದಂತೆಯೂ ಕಾಣುತ್ತದೆ.

"ಹತ್ತ್! ಹತ್ತ್!"

ಇಲ್ಲಿಯವರೆಗೆ ನನಗೆ ಅನುಮಾನವಿಲ್ಲ. ಇಲ್ಲಿಂದ ಮುಂದೆ ಮನೆಯವರೆಲ್ಲ ಹೇಳುವ ಕತೆ ಹೀಗಿದೆ. ಹತ್ತ್ ಎಂದರೆ ಟ್ರ್ಯಾಲಿ ಹತ್ತಿರಿ ಎಂದು. ರಿ ಇಲ್ಲದ ಕನ್ನಡ ಅಮ್ಮೀಯ ಕಿವಿಗೆ ಕನ್ನಡವೇ ಅಲ್ಲ. ಅವಳಿಗೆ ಅದು ತನ್ನ ಉರ್ದುವಿನ ಹಟ್ ಎಂದು ಕೇಳಿಸಿತು. ಸರಿಯಿರಿ, ಈ ಕಡೆ ಬರಬೇಡಿರಿ ಎನ್ನುತ್ತಿದ್ದಾನೆ ಎಂದುಕೊಂಡು ನನ್ನನ್ನು ಎಳೆದುಕೊಂಡು ಹಿಂದಕ್ಕೆ, ಮನೆಗಳ ಕಟ್ಟೆಯ ಮೇಲಿಂದಲೇ ಓಣಿಯ ಒಳಕ್ಕೆ ನಡೆದಳು. ನಾವು ಯಾವುದೋ ಮಾಳಿಗೆಗೆ ಹೋಗುತ್ತಿದ್ದೇವೆಂದು ತಿಳಿದು ಈರಪ್ಪಕಾಕಾ ಟ್ರ್ಯಾಕ್ಟರ್ ತಿರುಗಿಸಿದ. ಅದೇ ಕೊನೆಯ ಸಲ. ಆಮೇಲೆ ಆ ದಾರಿಗೆ ಗಾಲಿ ಇಳಿಸುವಂತಿರಲಿಲ್ಲ.

ಮುಂದಿನದು ನನ್ನ ಮೈಗೆ ನೆನಪಿದೆ. ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ, ಸ್ಲ್ಯಾಬು ಹಾಕಿದ ಗಟ್ಟಿ ಕಟ್ಟಡ. ಅದರ ಗೋಡೆಗೆ ಕಬ್ಬಿಣದ ಮೆಟ್ಟಿಲು. ಅಲ್ಲಿಗೆ ಮುಟ್ಟುವಾಗ ನೀರು ಅಮ್ಮೀಯ ಎದೆಗೆ ಬಂದಿತ್ತು, ನಾನು ಅವಳ ಹೆಗಲ ಮೇಲಿದ್ದೆ. ಅವಳು ನನ್ನನ್ನು ಎತ್ತಿ ಮೆಟ್ಟಿಲಿಗೆ ಹಚ್ಚಿದಳು. ನನ್ನ ಕೈ ಕಬ್ಬಿಣ ಹಿಡಿದು ಅಲ್ಲೇ ಕಚ್ಚಿಕೊಂಡಿತು. ಕೆಳಗಿನಿಂದ ಅವಳು ಚಢ್, ಚಢ್, ಅಂದರೆ ಏರು ಏರು, ಎಂದು ಉರ್ದುವಿನಲ್ಲಿ ಕೂಗಿದ್ದು, ನಾನು ಏರಿದ್ದು. ಆಗಲೇ ನೀರಿನಲ್ಲಿ ಬಂದ ಜಾಲಿಯ ಬೊಡ್ಡೆಯೊಂದು ಅವಳ ಎಡಗಾಲನ್ನು ಗೋಡೆಗೆ ಒತ್ತಿ ಬಡಿಯಿತು. ಅವಳು ತೋಳಿನ ಬಲದಿಂದ ಮೇಲೆ ಬಂದು ಸ್ಲ್ಯಾಬಿನ ಮೇಲೆ ಮಲಗಿಬಿಟ್ಟಳು. ಸ್ವಲ್ಪ ಹೊತ್ತಿಗೆ ನಮ್ಮ ಮನೆಯ ಗೋಡೆ ಕೂತ ಸದ್ದು ಕೇಳಿತು. ನೋಡಿದರೆ ನಮ್ಮ ಮೂಟೆಗಳು ಒಡೆದು ಅಪ್ಪ ಹಿಂಜಿದ ಹತ್ತಿಯೆಲ್ಲ ರಾಡಿ ನೀರಿನ ಮೇಲೆ ಬಿಳಿ ಬಿಳಿಯಾಗಿ ಹೋಗುತ್ತಿತ್ತು. ಹೊತ್ತು ಇಳಿಯುವ ಮುಂಚೆ ಹರಿಗೋಲಿನವರು ಬಂದು ನಮ್ಮನ್ನು ಇಳಿಸಿಕೊಂಡರು.

ಸಾಲಿಯ ಜಗಲಿಯಲ್ಲಿ ಆಯಿ ನಮ್ಮನ್ನು ನೋಡಿ ಮೊದಲು ಎದೆ ಬಡಿದುಕೊಂಡಳು, ಆಮೇಲೆ ಸಿಟ್ಟಾದಳು.

"ಟ್ರ್ಯಾಕ್ಟರ್ ಬಂದಿತ್ತಲ್ಲ! ಯಾಕ ಹತ್ತಲಿಲ್ಲ ಬೇ?"

ಕೇಳಿದ್ದು ಅಮ್ಮೀಯನ್ನು. ಉತ್ತರ ಕೊಟ್ಟವಳು ನಾನು, ಯಾವಾಗಲೂ ಕೊಡುವ ಹಾಗೆ.

"ಅಮ್ಮೀಗೆ ಹಟ್ ಅಂತ ಕೇಳಿಸ್ತಂತ, ಆಯಿ."

ಅಮ್ಮೀ ನನ್ನ ಮುಖ ನೋಡಿದಳು. ಪಲ್ಯದ ಸಲುವಾಗಿ ನೋಡುತ್ತಿದ್ದ ಹಾಗೆಯೇ.

ಆ ಒಂದು ಮಾತು ಆಮೇಲೆ ನಮ್ಮ ಮನೆಯ ಕತೆಯಾಯಿತು. ದಿಬ್ಬದ ಮೇಲೆ ಹೊಸ ಮನೆ ಕಟ್ಟಿದೆವು, ಕಮಾನು ಹೋದದ್ದಕ್ಕೆ ಅಪ್ಪ ಕೊನೆಗೆ ಮಷೀನಿಗೆ ಸೋತ, ಆದರೆ ಕತೆ ಮಾತ್ರ ಹಳತಾಗಲಿಲ್ಲ. ಮದುವೆ ಮುಂಜಿಗಳಲ್ಲಿ ಈರಪ್ಪಕಾಕಾ ಎಲೆ ಅಡಿಕೆ ಹಾಕಿಕೊಂಡು ಶುರು ಮಾಡುತ್ತಿದ್ದ: "ನಾ ಹತ್ತ್ ಹತ್ತ್ ಅಂತ ಗಂಟಲಾ ಹರಕೊಂಡ್ರ ನಮ್ಮ ನೂರವ್ವ ಹಿಂದ ಹೊಂಟ್ಳು ನೋಡ್ರಿ!" ಮಂದಿ ನಗುತ್ತಿದ್ದರು. ಅವನು ಒಳ್ಳೆಯವನು, ಕತೆಯ ಕೊನೆಗೆ ಪ್ರತಿಸಲ ಕಣ್ಣೊರೆಸಿಕೊಂಡು, "ನಾ ಇಳದು ಹೋಗಬೇಕಿತ್ತು, ನಂದೂ ತಪ್ಪೈತಿ" ಎನ್ನುತ್ತಿದ್ದ. ಆ ಭಾಗಕ್ಕೆ ಯಾರೂ ಕಿವಿಗೊಡುತ್ತಿರಲಿಲ್ಲ. ಆಯಿಯಂತೂ ಅಮ್ಮೀ ಕಾಲೆಳೆಯುತ್ತ ನೀರು ತರುವಾಗಲೆಲ್ಲ, "ಒಂದ್ ಮಾತ ಬಂದಿದ್ರ ಈ ಕಾಲ ಉಳೀತಿತ್ತು" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಅಮ್ಮೀ ಕನ್ನಡ ಮಾತಾಡುವುದನ್ನೇ ಬಿಟ್ಟಳು. ಬರ್ರಿ ಹೋಗ್ರಿ ಕೂಡ ನಿಂತವು. ಹೊಸ ಆಡಿಗೂ ಹಟ್ ಅಷ್ಟೇ.

ಕಾಲೇಜಿನಲ್ಲಿ ನಾವು ಒಂದೊಂದು ಪ್ರಬಂಧ ಬರೆಯಬೇಕಿತ್ತು. ನಾನು ಆ ಮಧ್ಯಾಹ್ನವನ್ನು ಬರೆದೆ. ಹೆಸರು ಹಾಕಲಿಲ್ಲ, ಒಬ್ಬ ಮಹಿಳೆ, ತಾಯಿನುಡಿ ಉರ್ದು ಎಂದು ಬರೆದೆ. ಅಪಾಯದ ಗಳಿಗೆಯಲ್ಲಿ ಮೊದಲ ಭಾಷೆ ಎರಡನೆಯದನ್ನು ಹೇಗೆ ಒರೆಸಿಹಾಕುತ್ತದೆ ಎನ್ನುವುದಕ್ಕೆ ಇದು ಬಹಳ ಒಳ್ಳೆಯ ಉದಾಹರಣೆ ಎಂದು ಮೇಷ್ಟ್ರು ತರಗತಿಯಲ್ಲಿ ಓದಿಸಿದರು. ನನಗೆ ಹೆಮ್ಮೆಯಾಯಿತು.

ರಜೆಗೆ ಊರಿಗೆ ಬಂದಾಗ ಅಮ್ಮೀ ಹೊಸ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಪ್ರಬಂಧವನ್ನು ಅವಳಿಗೆ ಉರ್ದುವಿಗೆ ತಂದು ಓದಿ ಹೇಳಿದೆ. ಅವಳ ಬಗ್ಗೆ ಬರೆದದ್ದು, ಅವಳಿಗೆ ತಿಳಿಯಲಿ ಎಂದು. ಅವಳ ತಪ್ಪು ತಪ್ಪಲ್ಲ, ಅದು ಎಲ್ಲರಿಗೂ ಆಗುವಂಥದ್ದು ಎಂದು ತಿಳಿದರೆ ಸಮಾಧಾನವಾಗಬಹುದು ಎಂಬ ಆಸೆಯೂ ಇತ್ತು. ಅವಳು ಪೂರ್ತಿ ಕೇಳಿದಳು. ಕೈಯಲ್ಲಿಯ ಹತ್ತಿಯಿಂದ ಒಂದು ಕಸ ಹೆಕ್ಕಿ ಆಚೆ ಒಗೆದಳು. ಆಮೇಲೆ ಮಾತಾಡಿದಳು, ಕನ್ನಡದಲ್ಲಿ. ಇಷ್ಟು ವರ್ಷಗಳ ಮೇಲೆ, ಅದೂ ನನ್ನ ಜೊತೆ.

"ನಂಗ ಹತ್ತ್ ಅಂತನ ಕೇಳಿಸಿತ್ತು, ಶಮ್ಮಿ."

ನಾನು ಪ್ರಬಂಧದ ಹಾಳೆ ಮಡಚಿದೆ.

"ಆದ್ರೂ ನಿನ್ನ ಕೇಳಿದೆ, ಕ್ಯಾ ಬೋಲ್ರೇ ಅಂತ. ನೀ ಅಂದಿ, ಹಟೋ ಬೋಲ್ರೇ. ನನ್ನ ಓಢ್ನಿ ಹಿಡದ ಹಿಂದ ಜಗ್ಗಿದಿ." ಏನನ್ನುತ್ತಿದ್ದಾನೆ ಎಂದು ಅವಳು ಕೇಳಿದ್ದಕ್ಕೆ, ಸರಿಯಿರಿ ಅನ್ನುತ್ತಿದ್ದಾನೆ ಎಂದು ನಾನು ಹೇಳಿದೆನಂತೆ.

"ಇಲ್ಲ, ಅಮ್ಮೀ. ನೀ ನನ್ನ ಜಗ್ಗಿದಿ."

"ಇರಬಹುದು. ನಂಗ ಹಂಗ ನೆನಪೈತಿ."

"ನಿನಗ ಗೊತ್ತಿದ್ರ ನನ್ನ ಯಾಕ ಕೇಳಿದಿ?"

ಅವಳು ದಿಂಬನ್ನು ಒಮ್ಮೆ ತಟ್ಟಿದಳು. "ನನ್ನ ಕನ್ನಡದ ಮ್ಯಾಲ ನಂಗ ನಂಬಿಕಿ ಇರಲಿಲ್ಲ. ನಿನ್ನ ಕನ್ನಡದ ಮ್ಯಾಲ ಇತ್ತು."

"ರಿ ಇರಲಿಲ್ಲಲ್ಲ ಅದಕ್ಕ..." ಎಂದೆ. ನನ್ನ ಪ್ರಬಂಧದ ಮೂರನೆಯ ಪುಟ ಪೂರ್ತಿ ಅದೇ ಇತ್ತು.

"ಜೀಂವಕ್ಕ ಬಂದಾಗ ಯಾರ ರಿ ಅಂತಾರ? ನಿಮ್ಮ ಆಯಿ ಹೇಳಿದ್ಲಲ್ಲ. ನೀನ ಹೇಳಿದಿ ನಂಗ." ನಕ್ಕಳು. "ಗಿರಣಿ ಗೋಡಿಗೆ ನಿನ್ನ ಹಚ್ಚಿ ಏನ್ ಅಂದೆ, ನೆನಪೈತಿ?"

"ಚಢ್ ಅಂದಿ."

"ಮೊದಲ ಚಢ್ ಅಂದೆ. ನೀ ಕಲ್ಲಿನಂಗ ನಿಂತಿ. ಕೇಳವಲ್ದು ನಿಂಗ. ಆಮ್ಯಾಲ ಹತ್ತ್ ಅಂದೆ. ಹತ್ತ್, ಹತ್ತ್, ಶಮ್ಮಿ. ಆವಾಗ ಹತ್ತಿದಿ."

ಇದನ್ನು ಎಲ್ಲಿ ಇಡಲಿ? ಅಂಜಿದ ಕಿವಿ ತಾಯಿನುಡಿಯನ್ನು ಹುಡುಕುತ್ತದೆ ಎಂಬ ಸಾಲಿನ ಕೆಳಗೆ ನಾನು ಎಳೆದ ಗೆರೆ ಇನ್ನೂ ಹಾಗೇ ಇದೆ. ಮನೆಯ ಕಟ್ಟೆಯ ಮೇಲೆ ನನಗೆ ಕನ್ನಡ ಉರ್ದುವಾಗಿ ಕೇಳಿಸಿ, ಐವತ್ತು ಹೆಜ್ಜೆ ಆಚೆ, ಅದಕ್ಕಿಂತ ಹೆಚ್ಚಿನ ಅಂಜಿಕೆಯಲ್ಲಿ, ಉರ್ದು ಕೇಳಿಸದೆ ಕನ್ನಡ ಮಾತ್ರ ಕೇಳಿಸಿತೇ? ಹಾಗಾದರೆ ನನ್ನ ತಾಯಿನುಡಿ ಯಾವುದು? ಇದಕ್ಕಿಂತ ಕೆಟ್ಟ ಅನುಮಾನವೂ ಇದೆ. ನನಗೆ ಸರಿಯಾಗಿಯೇ ಕೇಳಿಸಿತ್ತೇನೋ. ಕಟ್ಟೆಯಿಂದ ಇಳಿದು ಆ ಸೊಂಟದ ನೀರಿಗೆ ಹೋಗಲು ನನಗೆ ಅಂಜಿಕೆಯಾಗಿತ್ತು. ಮಾತನ್ನು ನನಗೆ ಬೇಕಾದಂತೆ ಒರೆಸಿ ಕೊಡುವ ರೂಢಿ ಮೊದಲೇ ಇತ್ತು. ಸಾಲಿಯ ಜಗಲಿಯಲ್ಲಿ ಹೇಳಿದ ಸುಳ್ಳು ಎರಡನೆಯದೋ ಮೊದಲನೆಯದೋ, ನನಗೆ ತಿಳಿಯದು. ಕಣ್ಣು ಮುಚ್ಚಿದರೆ ಒಂದು ಸಲ ಅವಳ ಬಳೆಯ ಕೈ ನನ್ನ ಮುಂಗೈ ಮೇಲಿರುತ್ತದೆ, ಇನ್ನೊಂದು ಸಲ ನನ್ನ ಮುಷ್ಟಿಯಲ್ಲಿ ಅವಳ ಒದ್ದೆ ಓಢ್ನಿ ಇರುತ್ತದೆ. ಎರಡೂ ಅಷ್ಟೇ ನಿಜವಾಗಿ ಕಾಣುತ್ತವೆ.

"ಹಂಗಾರ ಇಷ್ಟ ದಿನ ಯಾಕ ಸುಮ್ಮನಿದ್ದಿ?" ಎಂದು ಕೇಳಿದೆ.

"ನೀ ಎಂಟ ವರ್ಷದಾಕಿ. ನಂಗ ಕನ್ನಡ ಬರಂಗಿಲ್ಲ ಅಂತ ಮೊದಲ ಅಂತಿದ್ರು. ಇನ್ನೊಮ್ಮಿ ಅಂದ್ರು. ಏನ್ ಹೋತು?"

ನಾನು ಅವಳ ಎಡಗಾಲಿನ ಮೇಲೆ ಬಿದ್ದಿದ್ದ ಅರಳೆ ಹೆಕ್ಕಿದೆ. ಅವಳು ಮತ್ತೆ ಹತ್ತಿ ತುಂಬತೊಡಗಿದಳು.

ಮರುದಿನ ಮುಂಜಾನೆ ಆಯಿಗೆ ಹೇಳಿದೆ. ಅವಳಿಗೆ ಈಗ ಕಿವಿ ಮಂದ. ಎರಡು ಸಲ ಕೂಗಿ ಹೇಳಬೇಕಾಯಿತು: ತಪ್ಪು ಕೇಳಿಸಿದ್ದು ಅಮ್ಮೀಗಲ್ಲ, ನನಗೆ, ಅಮ್ಮೀಗೆ ಹತ್ತ್ ಅಂತಲೇ ಕೇಳಿಸಿತ್ತು. ಅಪ್ಪ ಮಷೀನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತ. ಆಯಿ ನನ್ನ ಕಡೆ ತಿರುಗಿದಳು.

"ಹಂಗಾರ ಇಷ್ಟ ವರ್ಷ ನಾ ಯಾರನ್ನ ಬೈದೆ?"

ಆಯಿ ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಹೋದಳು. ಅಮ್ಮೀ ಒಲೆಯ ಮುಂದಿದ್ದಳು. ಆಯಿ ಅವಳ ಎಡಗಡೆ ತನ್ನ ಹಳೆಯ ಜಾಗದಲ್ಲಿ ಕೂತು, ಇಡೀ ಮನೆಗೆ ಕೇಳುವ ದನಿಯಲ್ಲಿ, "ಸರೀರಿ. ನಾ ರೊಟ್ಟಿ ಬಡೀತೇನ್ರಿ" ಎಂದಳು. ಸೊಸೆಗೆ ಅವಳು ರಿ ಹಚ್ಚಿದ್ದು ಅದೇ ಮೊದಲು. ಅಮ್ಮೀ ಹಿಟ್ಟಿನ ಪರಾತ ಅವಳ ಕಡೆ ಸರಿಸಿ, ತಲೆ ತಗ್ಗಿಸಿಯೇ ಅಂದಳು: "ರಿ ಬ್ಯಾಡ, ಅತ್ತಿ. ರಿ ಬ್ಯಾರೇದಾರಿಗೆ."

ನಾನು ಹಿಟ್ಟಿನ ಡಬ್ಬಿಗೆ ಬೆನ್ನು ಕೊಟ್ಟು ನಿಂತಿದ್ದೆ. ಯಾರಿಗೂ ಏನನ್ನೂ ತಿರುಗಿಸಿ ಹೇಳುವ ಕೆಲಸ ಇರಲಿಲ್ಲ.

ಮಧ್ಯಾಹ್ನ ನಾನು ಧಾರವಾಡಕ್ಕೆ ಹೊರಟಾಗ ಅಮ್ಮೀ ಕಾಲೆಳೆಯುತ್ತ ಬಸ್ಸಿನವರೆಗೆ ಬಂದಳು, ಬೇಡವೆಂದರೂ ಕೇಳಲಿಲ್ಲ. ಬಸ್ಸು ಬಂದಾಗ ಬಾಗಿಲಲ್ಲಿ ಜನ ಒತ್ತುತ್ತಿದ್ದರು, ಕಂಡಕ್ಟರ್ "ಲಗೂ ಹತ್ರಿ, ಒಳಗ ಹೋಗ್ರಿ" ಎಂದು ಒದರುತ್ತಿದ್ದ, ಇಂಜಿನ್ ಗದ್ದಲ. ಹಿಂದಿನಿಂದ ಅವಳ ಅಂಗೈ ನನ್ನ ಬೆನ್ನಿಗೆ ಬಂತು. ಏನೋ ಅಂದಳು. ಒಂದೇ ಮಾತು, ಎರಡು ಸಲ. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ನಾನು ನಿಂತುಬಿಟ್ಟೆ. ಏನಂದಿ, ಯಾವ ಭಾಷೆಯಲ್ಲಿ ಅಂದಿ ಎಂದು ತಿರುಗಿ ಕೇಳಬೇಕೆನಿಸಿತು. ಅಂಗೈ ಬೆನ್ನಿನ ಮೇಲೆ ಇನ್ನೂ ಇತ್ತು, ಮುಂದಕ್ಕೆ ದೂಡುತ್ತಿತ್ತು. ಕೇಳಲಿಲ್ಲ. ಹತ್ತಿದೆ.